ಜೀಪಿನ ಮಾಸಿದ ಹುಡ್ಡು: ಮಳೆಗೆ ಮೊದಲಿನ ಆರೈಕೆ

ಕೊನೆಗಳಿಗೆ ಕೊಟ್ಟೆ ಕಟ್ಟುವ ಬಗೆಗೂ ಬೋರ್ಡೋ ಮಿಶ್ರಣ ಹದಗೊಳಿಸುವ ಬಗೆಗೂ ಈ ಪುಟಗಳಲ್ಲಿ ಬೇಕಾದಷ್ಟು ಬರೆದದ್ದಾಗಿದೆ. ತೋಟಕ್ಕೆ ಹೋಗಿಬರುವ ಜೀಪಿನ ತಲೆಯ ಮೇಲಿನ ಬಟ್ಟೆಯ ಬಗೆಗೆ ಮಾತ್ರ ಯಾರೂ ಬರೆದಂತಿಲ್ಲ. ಹೊನ್ನಾವರ, ಕುಮಟಾ, ಭಟ್ಕಳದ ಕಡೆಗೆ ಸಂಘದ ಕೆಲಸದ ಮೇಲೆ ಹೋದಾಗಲೆಲ್ಲ, ಅದರಲ್ಲೂ ಬೇಸಿಗೆಯ ಕೊನೆಯಲ್ಲಿ, ಸದಸ್ಯ ಬಂಧುಗಳು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ಹುಡ್ಡು ಪೂರ್ತಿ ಬೆಳ್ಳಗಾಗಿ ಹೋಯ್ತು, ಯಾವ ಬಣ್ಣ ಬಳಿದರೆ ಒಳ್ಳೇದು?" ಬಣ್ಣದ ಡಬ್ಬಿಯನ್ನು ಇಷ್ಟರಲ್ಲೇ ಕೊಳ್ಳಬೇಡಿ ಎಂಬುದು ನಮ್ಮ ಉತ್ತರ. ಮಾಸಿದ ಹುಡ್ಡಿನಲ್ಲಿ ಕಟ್ಟಕಡೆಗೆ ನೋಡಬೇಕಾದದ್ದು ಬಣ್ಣ. ಅದಕ್ಕೂ ಮೊದಲು ನೋಡಬೇಕಾದ ನಾಲ್ಕಾರು ಸಂಗತಿಗಳಿವೆ. ಅವನ್ನು ಬಿಟ್ಟು ನೇರ ಬಣ್ಣಕ್ಕೆ ಕೈ ಹಾಕಿದವರ ಹುಡ್ಡು ಮುಂದಿನ ಮಳೆಗಾಲ ಕಾಣುವುದು ಸಂಶಯ.

ಮಹೀಂದ್ರಾ ಸಂಸ್ಥೆಯವರು 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸಲು ತೊಡಗಿದ ಮೇಲೆ, ಘಟ್ಟದ ಮೇಲೂ ಕೆಳಗೂ ಬೆಳೆಗಾರನ ವಾಹನವೆಂದರೆ ಅದೇ ಆಯಿತು. ದೇವಿಮನೆ ಘಟ್ಟವಿರಲಿ, ಗೇರುಸೊಪ್ಪೆಯಿಂದ ಮಾವಿನಗುಂಡಿಗೆ ಏರುವ ದಾರಿಯಿರಲಿ, ಭಟ್ಕಳದಿಂದ ನಾಗವಳ್ಳಿಯ ಮೇಲೆ ಕೋಗಾರಿಗೆ ಹೋಗುವ ದಾರಿಯಿರಲಿ, ಬಟ್ಟೆಯ ಮಾಡಿನ ಈ ಗಾಡಿ ಹೋಗದ ಜಾಗವಿಲ್ಲ. ಹುಡ್ಡು ತೆಗೆದರೆ ಗೊಬ್ಬರದ ಚೀಲ, ಬಾಳೆಗೊನೆ, ಏಣಿ ಎಲ್ಲಕ್ಕೂ ಸ್ಥಳ. ಹಾಕಿದರೆ ಮನೆಮಂದಿಗೆ ನೆರಳು. 1985ರ ಸುಮಾರಿಗೆ ಬಂದ ಎಂ.ಎಂ. 540, ಅದೇ ವರ್ಷದ ಕೊನೆಗೆ ಬಂದ ಮಾರುತಿ ಜಿಪ್ಸಿ, 2010ರಲ್ಲಿ ಬಂದ ಥಾರ್, ಇವೆಲ್ಲಕ್ಕೂ ಬಟ್ಟೆಯ ಹುಡ್ಡಿನ ಮಾದರಿ ಇದ್ದೇ ಇತ್ತು. 2020ರಲ್ಲಿ ಹೊಸ ರೂಪ ತಳೆದ ಥಾರಿನಲ್ಲೂ ಮಡಚುವ ಬಟ್ಟೆಯ ಮಾಡನ್ನು ಕೊಟ್ಟಿದ್ದರು. ಪೇಟೆಯವರಿಗೆ ಅದೊಂದು ಶೋಕಿ. ನಮಗೆ ಹಾಗಲ್ಲ, ಸೋರುವ ಹುಡ್ಡು ಗಾಡಿಯನ್ನೇ ತಿನ್ನುತ್ತದೆ. ನೀರು ಸೀಟಿನ ಕೆಳಗಿಳಿದು ತಳದ ತಗಡಿನಲ್ಲಿ ನಿಲ್ಲುತ್ತದೆ, ತಗಡು ತುಕ್ಕು ಹಿಡಿಯುತ್ತದೆ, ವೈರಿಂಗ್ ಹಾಳಾಗುತ್ತದೆ. ಹದಿನೈದು ವರ್ಷ ತುಂಬಿ ನೋಂದಣಿ ನವೀಕರಣಕ್ಕೆ ಒಯ್ದಾಗ ತಳದ ತಗಡು ತೂತಾದದ್ದು ಕಂಡು ಕೈಚೆಲ್ಲಿದವರು ನಮ್ಮಲ್ಲಿ ಒಬ್ಬಿಬ್ಬರಲ್ಲ. ಎಂಜಿನು ಗಟ್ಟಿಯಿದ್ದೇ ಗಾಡಿ ಗುಜರಿಗೆ ಹೋಗುತ್ತದೆ.

ಮೊದಲು ನಿಮ್ಮ ಹುಡ್ಡು ಯಾವ ಬಟ್ಟೆಯದೆಂದು ತಿಳಿದುಕೊಳ್ಳಬೇಕು. ಹಳೆಯ ಜೀಪುಗಳದು ದಪ್ಪ ಹತ್ತಿಯ ಕ್ಯಾನ್ವಾಸು. ಅನಂತರ ಕುಶನ್ ವರ್ಕ್ಸಿನವರು ಹೊಲಿದುಕೊಟ್ಟವು ಬಹಳವಾಗಿ ರೆಕ್ಸಿನಿನವು, ಅಂದರೆ ಬಟ್ಟೆಯ ಮೇಲೆ ಪ್ಲಾಸ್ಟಿಕ್ಕಿನ ಲೇಪವಿರುವಂಥವು. ಇತ್ತೀಚೆಗೆ ಅಕ್ರಿಲಿಕ್ ನೂಲಿನ ಬಟ್ಟೆಯೂ ಬರುತ್ತದೆ. ಕಣ್ಣಿಗೆ ಗೊತ್ತಾಗದಿದ್ದರೆ ಒಳಮಡಿಕೆಯಿಂದ ಒಂದು ಎಳೆ ಕಿತ್ತು, ಗಾಡಿಯಿಂದ ದೂರ ಹೋಗಿ ಕಡ್ಡಿ ಗೀರಿ ಸುಟ್ಟು ನೋಡಿರಿ. ಹತ್ತಿಯ ಎಳೆ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆಯ ಬೂದಿಯಾಗುತ್ತದೆ. ಕೃತಕ ನೂಲು ಕರಗಿ ಗಟ್ಟಿ ಗುಂಡಾಗುತ್ತದೆ. ಈ ವ್ಯತ್ಯಾಸ ಯಾಕೆ ಮುಖ್ಯವೆಂದರೆ, ಮುಂದೆ ಹೇಳುವ ಸೋಪು-ಪಟಿಕದ ಚಿಕಿತ್ಸೆ ಹತ್ತಿಯ ಕ್ಯಾನ್ವಾಸಿಗೆ ಮಾತ್ರ. ರೆಕ್ಸಿನಿಗೆ ಬಟ್ಟೆಯ ಬಣ್ಣ ಹಿಡಿಯುವುದೂ ಇಲ್ಲ, ಪಟಿಕ ತಾಗುವುದೂ ಇಲ್ಲ.

ಇನ್ನು ಬಟ್ಟೆ ಹಾಳಾಗುವ ಬಗೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಉಳಿದ ಕಾಲವೆಲ್ಲ ಸುಡುವ ಬಿಸಿಲು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಬಣ್ಣವನ್ನು ಮುರಿಯುತ್ತದೆ. ಅದೇ ಕಿರಣ ನಿಧಾನವಾಗಿ ನೂಲನ್ನೂ ಮುರಿಯುತ್ತದೆ. ಮಳೆಗಾಲದಲ್ಲಿ ಬೂಷ್ಟಿನ ಸರದಿ. ಅದು ಹತ್ತಿಯ ನಾರನ್ನೇ ಆಹಾರ ಮಾಡಿಕೊಳ್ಳುವ ಜೀವ. ಬಟ್ಟೆಯ ಮೇಲೆ ಕುಳಿತ ಧೂಳು, ತರಗೆಲೆ, ಹಕ್ಕಿಯ ಹಿಕ್ಕೆ ಅದಕ್ಕೆ ಉಪ್ಪಿನಕಾಯಿ ಇದ್ದಂತೆ. ಕಡಲಿನ ಸಮೀಪದವರಿಗೆ ಇನ್ನೊಂದು ಕಷ್ಟವಿದೆ. ಗಾಳಿಯಲ್ಲಿ ಬರುವ ಉಪ್ಪು ಬಟ್ಟೆಯಲ್ಲಿ ಕೂತು ತೇವವನ್ನು ಎಳೆದುಕೊಳ್ಳುತ್ತದೆ. ಘಟ್ಟದ ಬುಡದ ಹುಡ್ಡು ಒಣಗಿದ ಮೇಲೂ ಹೆದ್ದಾರಿಯಂಚಿನ ಮನೆಯ ಹುಡ್ಡು ತಣ್ಣಗೇ ಇರುವುದಕ್ಕೆ ಇದೇ ಕಾರಣ. ಅಂಥವರು ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಬರೀ ಸಿಹಿನೀರಿನಲ್ಲಿ ಹುಡ್ಡನ್ನು ತೊಳೆದು ಒಣಗಿಸುವುದು ಅವಶ್ಯ.

ಬಣ್ಣ ಹೋದ ಮಾತ್ರಕ್ಕೆ ಬಟ್ಟೆ ಸತ್ತಿತೆಂದಲ್ಲ. ಬಣ್ಣವಿದ್ದ ಮಾತ್ರಕ್ಕೆ ಬದುಕಿದೆಯೆಂದೂ ಅಲ್ಲ. ಪರೀಕ್ಷೆ ಸುಲಭ. ಅತಿ ಹೆಚ್ಚು ಬಿಸಿಲು ಬೀಳುವ ನೆತ್ತಿಯ ಭಾಗವನ್ನು ಎರಡೂ ಹೆಬ್ಬೆರಳುಗಳ ನಡುವೆ ಹಿಡಿದು ಒಳ್ಳೆ ಬಲ ಹಾಕಿ ಎಳೆಯಿರಿ. ಬಟ್ಟೆ ಜಗ್ಗದಿದ್ದರೆ ಅದಕ್ಕೆ ಇನ್ನೂ ಆಯುಸ್ಸಿದೆ. ಚರ್ರನೆ ಹರಿದರೆ, ಅಥವಾ ಮಡಿಕೆಯನ್ನು ಉಜ್ಜಿದಾಗ ನಾರು ಪುಡಿಯಾಗಿ ಕೈಗೆ ಹತ್ತಿದರೆ, ಅದಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ. ಹೊಸ ಹುಡ್ಡಿಗೆ ಅಳತೆ ಕೊಡುವುದೇ ಸರಿ. ಎರಡನೆಯ ಪರೀಕ್ಷೆ ನೀರಿನದು. ಒಂದು ತಂಬಿಗೆ ನೀರು ಚಿಮುಕಿಸಿ ನೋಡಿ. ಕೆಸುವಿನೆಲೆಯ ಮೇಲಿನ ಹನಿಯಂತೆ ಉರುಳಿ ಹೋದರೆ ಜಲನಿರೋಧ ಇನ್ನೂ ಇದೆ. ತಕ್ಷಣ ಹೀರಿ ಕಪ್ಪಾದರೆ ಅದು ಹೋಗಿದೆ. ನಾವು ನೋಡಿದ ಹುಡ್ಡುಗಳಲ್ಲಿ ಹೆಚ್ಚಿನವು ಮೊದಲ ಪರೀಕ್ಷೆಯಲ್ಲಿ ಪಾಸಾಗಿ ಎರಡನೆಯದರಲ್ಲಿ ನಪಾಸಾದವು. ಅಂದರೆ ಬಟ್ಟೆ ಗಟ್ಟಿಯಿದೆ, ರಕ್ಷಣೆ ಮಾತ್ರ ಹೋಗಿದೆ. ಇಂಥವನ್ನು ಉಳಿಸಬಹುದು.

ಇಲ್ಲೇ ಎಣ್ಣೆಬಣ್ಣದ ಮಾತು ಹೇಳಿಬಿಡುತ್ತೇವೆ. ಗೇಟಿಗೆ ತಂದು ಉಳಿದ ಇನಾಮಲ್ ಬಣ್ಣವನ್ನು ಹುಡ್ಡಿಗೆ ಬಳಿಯುವ ರೂಢಿ ಮೂರೂ ತಾಲೂಕುಗಳಲ್ಲಿ ಇದೆ. ಬಳಿದ ದಿನ ನೋಡಲು ಚೆಂದ; ನೀರೂ ಜಾರುತ್ತದೆ. ಆದರೆ ಬಟ್ಟೆ ತಗಡಿನಂತೆ ಬಿರುಸಾಗುತ್ತದೆ. ನಾಲ್ಕು ಸಲ ಮಡಚಿದ ಕೂಡಲೇ ಮಡಿಕೆಯುದ್ದಕ್ಕೂ ಬಣ್ಣ ಸೀಳುತ್ತದೆ, ಸೀಳಿನಲ್ಲಿ ನೀರು ಇಳಿಯುತ್ತದೆ, ಇಳಿದ ನೀರಿಗೆ ಆರಿಹೋಗಲು ದಾರಿಯಿಲ್ಲ. ಬಟ್ಟೆ ಒಳಗಿನಿಂದ ಕೊಳೆಯುತ್ತದೆ. ಗ್ಯಾರೇಜಿನ ಸುಟ್ಟ ಎಂಜಿನ್ ಆಯಿಲ್ ಸವರುವವರೂ ಇದ್ದಾರೆ. ಅದರ ಕಪ್ಪು ಮದುವೆಮನೆಗೆ ಹೊರಟ ಬಿಳಿ ಪಂಚೆಗೆ ಹತ್ತುವುದಲ್ಲದೆ ಬೆಂಕಿಗೂ ಕರೆ ಕೊಟ್ಟಂತೆ. ತೆಂಗಿನೆಣ್ಣೆ ಕೆಲವೇ ದಿನಗಳಲ್ಲಿ ಮುಗ್ಗುತ್ತದೆ, ಬೂಷ್ಟಿಗೆ ಹಬ್ಬ. ದೋಣಿಗೆ ಹಚ್ಚುವ ಗೇರುಸಿಪ್ಪೆಯ ಎಣ್ಣೆಯನ್ನು ಹುಡ್ಡಿಗೆ ಹಚ್ಚಿದರೇನೆಂದು ಕೇಳಿದವರಿಗೆ ನಾವು ಬೇಡವೆಂದೇ ಹೇಳಿದ್ದೇವೆ. ಅದು ಚರ್ಮ ಸುಡುವ ವಸ್ತು, ತಲೆಗೆ ತಾಗುವ ಜಾಗದಲ್ಲಿ ಅದಕ್ಕೆ ಕೆಲಸವಿಲ್ಲ.

ತೊಳೆಯುವ ಕ್ರಮ ಹೀಗೆ. ಹುಡ್ಡನ್ನು ಗಾಡಿಯಿಂದ ಬಿಚ್ಚಿ ಹಗ್ಗಕ್ಕೆ ಹಾಕಿ ಒಣ ಧೂಳನ್ನು ಮೊದಲು ಕೊಡವಬೇಕು. ಧೂಳಿದ್ದ ಹಾಗೆ ನೀರು ಹಾಕಿದರೆ ಕೆಮ್ಮಣ್ಣು ನೂಲಿನೊಳಗೆ ಸೇರಿ ಮತ್ತೆ ಬಿಡುವುದಿಲ್ಲ. ಆಮೇಲೆ ಮೆತ್ತನೆಯ ಬ್ರಷ್ಷು, ತಣ್ಣೀರು, ಅಂಟುವಾಳದ ನೊರೆ ಅಥವಾ ಸೌಮ್ಯವಾದ ಬಾರ್ ಸೋಪು. ತೆಂಗಿನ ಚೊಟ್ಟಿನಿಂದ ತಿಕ್ಕುವುದು ಪಾತ್ರೆಗೆ ಸರಿ, ಇಲ್ಲಿ ಬೇಡ. ಬಟ್ಟೆ ತೊಳೆಯುವ ಡಿಟರ್ಜೆಂಟ್ ಪುಡಿಯೂ ಬೇಡ. ಅದರ ಶೇಷ ಬಟ್ಟೆಯಲ್ಲಿ ಉಳಿದರೆ ನೀರನ್ನು ತಳ್ಳುವ ಬದಲು ಕರೆದುಕೊಳ್ಳುತ್ತದೆ. ಯಾವುದನ್ನೇ ಬಳಸಿದರೂ ನೊರೆ ಪೂರ್ಣ ನಿಲ್ಲುವ ತನಕ ಜಾಲಿಸಬೇಕು. ಈ ಒಂದು ಕೆಲಸದಲ್ಲಿ ಜುಗ್ಗತನ ಸಲ್ಲ.

ಬೂಷ್ಟಿನ ಕಪ್ಪು ಚುಕ್ಕೆಗಳಿಗೆ ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ಎಲ್ಲರ ಮನೆಯಲ್ಲೂ ಸಿಗುತ್ತದೆ, ಕೈ ಅದರ ಕಡೆಗೇ ಹೋಗುತ್ತದೆ. ಹೋಗಬಾರದು. ಚುಕ್ಕೆಯ ಜೊತೆಗೆ ಉಳಿದ ಬಣ್ಣವೂ ಹೊಲಿಗೆಯ ದಾರದ ಶಕ್ತಿಯೂ ಹೋಗುತ್ತವೆ. ಒಂದು ಪಾಲು ಬಿಳಿ ವಿನೆಗರಿಗೆ ನಾಲ್ಕು ಪಾಲು ನೀರು ಸೇರಿಸಿ ಸವರಿ, ಅರ್ಧ ಗಂಟೆ ಬಿಟ್ಟು ತಿಕ್ಕಿ ತೊಳೆದರೆ ಬೂಷ್ಟು ಹಿಂಜರಿಯುತ್ತದೆ. ಕಲೆ ಪೂರ್ತಿ ಹೋಗದಿರಬಹುದು, ಹೋಗಲೇಬೇಕೆಂಬ ಹಟ ಬೇಡ. ಔಷಧಿ ಹೊಡೆಯುವ ದಿನ ಬೋರ್ಡೋ ಹನಿ ಬಿದ್ದು ಆದ ಸುಣ್ಣದ ಕಲೆಗೂ ಇದೇ ವಿನೆಗರ್ ನೀರು ಸಾಕು. ಹಲಸಿನ ಮೇಣ ಹತ್ತಿದ್ದರೆ ಮಂಜುಗಡ್ಡೆ ಒತ್ತಿ ಮೇಣ ಗಡುಸಾದ ಮೇಲೆ ಚಮಚದ ಹಿಂಬದಿಯಿಂದ ಎಬ್ಬಿಸಿರಿ. ಸೀಮೆಎಣ್ಣೆ ಹಾಕಿದರೆ ಮೇಣದೊಂದಿಗೆ ಬಟ್ಟೆಯ ಜಲನಿರೋಧವೂ ಕರಗುತ್ತದೆ.

ತೊಳೆದ ಹುಡ್ಡು ಎರಡು ದಿನ ಚೆನ್ನಾಗಿ ಒಣಗಬೇಕು. ಬಣ್ಣ ಹಾಕುವುದಿದ್ದರೆ ಅದು ಈಗ. ಜಲನಿರೋಧ ಮಾಡಿದ ಮೇಲೆ ಬಣ್ಣ ಹಿಡಿಯುವುದಿಲ್ಲ. ಹತ್ತಿಯ ಬಟ್ಟೆಗೆಂದೇ ಇರುವ, ಬ್ರಷ್ಷಿನಿಂದ ಹಚ್ಚಬಹುದಾದ ಬಣ್ಣವನ್ನೇ ತರಬೇಕು. ದಪ್ಪಗೆ ಒಂದು ಸಲ ಬಳಿಯುವ ಬದಲು ತೆಳ್ಳಗೆ ಎರಡು ಸಲ, ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆಯ ತನಕ ನಿಲ್ಲಿಸದೆ ಹಚ್ಚಿದರೆ ಪಟ್ಟೆ ಬೀಳುವುದಿಲ್ಲ. ಒಳಮಡಿಕೆಯಲ್ಲಿ ಅಂಗೈಯಗಲ ಹಚ್ಚಿ ಒಣಗಿಸಿ ನೋಡಿದ ಮೇಲೆಯೇ ಮುಂದುವರಿಯಿರಿ. ಒದ್ದೆಯಲ್ಲಿ ಕಾಣುವ ಬಣ್ಣ ಒಣಗಿದ ಮೇಲೆ ಇರುವುದಿಲ್ಲ.

ಅಡಿಕೆ ಬೇಯಿಸುವ ಮನೆಯವರಿಗೆ ಚೊಗರಿನ ನೆನಪು ಬಂದೇ ಬರುತ್ತದೆ. ಅಂಗಿಗೆ ಬಿದ್ದ ಚೊಗರು ಅಂಗಿ ಹರಿಯುವ ತನಕ ಹೋಗುವುದಿಲ್ಲವೆಂದಾದರೆ ಹುಡ್ಡಿಗೆ ಯಾಕಾಗಬಾರದು? ವಿಚಾರ ಹುಸಿಯಲ್ಲ. ನೈಲಾನ್ ಬಲೆ ಬರುವ ಮೊದಲು ಮೀನುಗಾರರು ಹತ್ತಿಯ ಬಲೆಗಳನ್ನು ಮರದ ತೊಗಟೆಯ ಒಗರು ನೀರಿನಲ್ಲಿ ಕುದಿಸಿಯೇ ಕೊಳೆಯದಂತೆ ಕಾಯುತ್ತಿದ್ದರು. ಆ ಒಗರನ್ನು ತಾಮ್ರದ ದ್ರಾವಣದಿಂದ ಬಟ್ಟೆಗೆ ಕಚ್ಚಿಸುವ ಕ್ರಮವೂ ಇತ್ತು. ತಾಮ್ರ ಬೂಷ್ಟಿನ ಶತ್ರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ನರು ಕೊಳೆರೋಗಕ್ಕೆ ಬೋರ್ಡೋ ಸಿಂಪಡಣೆ ತೋರಿಸಿಕೊಟ್ಟದ್ದು ನಮಗೆಲ್ಲ ಗೊತ್ತು. ಅದಕ್ಕೂ ಮೊದಲೇ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಲಂಡನ್ನಿನ ವಿಲ್ಸ್‌ಡನ್ ಎಂಬಲ್ಲಿ ಅಮೋನಿಯಾ ಬೆರೆಸಿದ ತಾಮ್ರದ ದ್ರಾವಣದಲ್ಲಿ ಕ್ಯಾನ್ವಾಸನ್ನು ಅದ್ದಿ ಕೊಳೆಯದ ಹಸಿರು ಬಟ್ಟೆ ತಯಾರಿಸುತ್ತಿದ್ದರು. ನಮ್ಮ ಕೊನೆಗೂ ಅವರ ಡೇರೆಗೂ ಕಾವಲು ಒಂದೇ ಲೋಹದ್ದು! ಆದರೆ ಮೈಲುತುತ್ತವಿದೆಯೆಂದು ಅದನ್ನು ಮನೆಯಲ್ಲಿ ಮಾಡಹೊರಡಬೇಡಿ. ಆ ಕಡುನೀಲಿ ದ್ರಾವಣ ಹದ ತಪ್ಪಿ ಗಟ್ಟಿಯಾದರೆ ಹತ್ತಿಯನ್ನೇ ಕರಗಿಸಿಬಿಡುತ್ತದೆ. ಬರೀ ಚೊಗರಾದರೆ ತೋಟದೊಳಗೆ ತಿರುಗುವ ಗಾಡಿಗೆ, ಒಂದು ತುಂಡಿನಲ್ಲಿ ನೋಡಿಕೊಂಡು, ಪ್ರಯತ್ನಿಸಬಹುದು. ಕಬ್ಬಿಣದ ಪಾತ್ರೆ ಮಾತ್ರ ಸರ್ವಥಾ ಕೂಡದು. ಚೊಗರೂ ಕಬ್ಬಿಣವೂ ಕೂಡಿದರೆ ಕಪ್ಪು ಹುಟ್ಟುತ್ತದೆ, ಆ ಕಪ್ಪು ಕಾಲಕ್ರಮದಲ್ಲಿ ನೂಲನ್ನು ತಿನ್ನುತ್ತದೆ. ಮೊದಲೆರಡು ಮಳೆಗೆ ಕಂದು ನೀರು ಹೆಗಲ ಮೇಲೆ ಹನಿಯುವುದಕ್ಕೂ ಸಿದ್ಧರಿರಬೇಕು.

ಜಲನಿರೋಧಕ್ಕೆ ಪೇಟೆಯಲ್ಲಿ ಸಿದ್ಧ ದ್ರವಗಳು ಸಿಗುತ್ತವೆ, ಅನುಕೂಲವಿದ್ದವರು ಬಳಸಬಹುದು. ಹತ್ತಿಯ ಕ್ಯಾನ್ವಾಸಿಗೆ ಹಳೆಯ ಕ್ರಮವೊಂದಿದೆ, ಖರ್ಚು ಅತ್ಯಲ್ಪ. ಹತ್ತು ಲೀಟರು ಬಿಸಿನೀರಿನಲ್ಲಿ ಅರ್ಧ ಕಿಲೋ ಬಾರ್ ಸೋಪನ್ನು ಹೆರೆದು ಕರಗಿಸಿ, ಬಟ್ಟೆಗೆ ಎರಡೂ ಮಗ್ಗುಲಿಂದ ಬ್ರಷ್ಷಿನಲ್ಲಿ ಕುಡಿಸಿ ಒಣಗಿಸಬೇಕು. ಅನಂತರ ಐದು ಲೀಟರು ಬಿಸಿನೀರಿನಲ್ಲಿ ಕಾಲು ಕಿಲೋ ಪಟಿಕ ಕರಗಿಸಿ ಅದನ್ನೂ ಹಾಗೆಯೇ ಕುಡಿಸಬೇಕು. ಸೋಪೂ ಪಟಿಕವೂ ನೂಲಿನೊಳಗೆ ಕೂಡಿ ನೀರಿನಲ್ಲಿ ಕರಗದ, ಮೇಣದಂಥ ವಸ್ತುವಾಗಿ ಕೂರುತ್ತವೆ. ನಿಜವಾದ ಸೋಪೇ ಬೇಕು. ಡಿಟರ್ಜೆಂಟಿನಿಂದ ಈ ಕ್ರಿಯೆ ನಡೆಯುವುದಿಲ್ಲ. ಪಾತ್ರೆ ಪ್ಲಾಸ್ಟಿಕ್ಕಿನದೋ ಸ್ಟೀಲಿನದೋ ಇರಲಿ. ಒಣಗಿದ ಮೇಲೆ ಒಮ್ಮೆ ತಣ್ಣೀರಿನಲ್ಲಿ ಹಗುರಾಗಿ ಜಾಲಿಸಿರಿ, ಉಳಿದ ಪಟಿಕದ ಹುಳಿ ಬಟ್ಟೆಗೆ ಒಳ್ಳೆಯದಲ್ಲ. ಇದು ಶಾಶ್ವತವಲ್ಲ, ಕೊಟ್ಟೆಯ ಹಾಗೆ ವರ್ಷವರ್ಷವೂ ಮಾಡತಕ್ಕದ್ದು. ಬಟ್ಟೆಯ ಗಾಳಿಯಾಟ ಮಾತ್ರ ಉಳಿದುಕೊಳ್ಳುತ್ತದೆ, ಎಣ್ಣೆಬಣ್ಣದಲ್ಲಿ ಇಲ್ಲದ್ದು ಅದೇ.

ಇಡೀ ಹುಡ್ಡಿಗೆ ಮೇಣ ಕುಡಿಸುವವರಿದ್ದಾರೆ. ನಮ್ಮ ಸೆಖೆಯಲ್ಲಿ ಅದು ಅಂಟಂಟಾಗಿ ದಾರಿಯ ಧೂಳನ್ನೆಲ್ಲ ಹೊತ್ತುಕೊಳ್ಳುತ್ತದೆ, ನಮಗೆ ಅಷ್ಟಾಗಿ ಹಿಡಿಸದು. ಹೊಲಿಗೆಗೆ ಮಾತ್ರ ಜೇನುಮೇಣದಂಥದು ಇನ್ನೊಂದಿಲ್ಲ. ಸೋರಿಕೆ ಶುರುವಾಗುವುದೇ ಸೂಜಿಯ ತೂತಿನಲ್ಲಿ. ಮೇಣದ ಉಂಡೆಯನ್ನು ಹೊಲಿಗೆಯುದ್ದಕ್ಕೂ ಒತ್ತಿ ಎಳೆದು, ಬಿಸಿಲಿನಲ್ಲಿ ಇಟ್ಟು, ಬಟ್ಟೆಯ ತುಂಡಿನಿಂದ ಉಜ್ಜಿದರೆ ತೂತು ಮುಚ್ಚುತ್ತದೆ. ಹೊಲಿಗೆ ಬಿಟ್ಟಲ್ಲಿ ಕುಶನ್ ವರ್ಕ್ಸಿನವರ ಕೈಯಲ್ಲಿ ಮರುಹೊಲಿಗೆ ಮಾಡಿಸುವಾಗ ದಾರ ಯಾವುದೆಂದು ಕೇಳಿರಿ. ಹತ್ತಿಯ ದಾರ ನೆನೆದಾಗ ಉಬ್ಬಿ ತೂತನ್ನು ತುಂಬುತ್ತದೆ, ಆದರೆ ಬೇಗ ಕೊಳೆಯುತ್ತದೆ. ಪಾಲಿಯೆಸ್ಟರ್ ದಾರ ಉಬ್ಬುವುದಿಲ್ಲ, ಕೊಳೆಯುವುದೂ ಇಲ್ಲ. ನಮ್ಮ ಮಳೆಗೆ ಪಾಲಿಯೆಸ್ಟರ್ ದಾರ ಹಾಕಿ ಮೇಲೆ ಮೇಣ ಎಳೆಯುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಹುಡ್ಡು ಬಿಚ್ಚಿದಾಗಲೇ ಅದರ ಕಮಾನುಗಳನ್ನೂ ನೋಡಿಬಿಡಬೇಕು. ತುಕ್ಕು ಹಿಡಿದ ಕಬ್ಬಿಣ ತಾಗಿದಲ್ಲಿ ಬಟ್ಟೆ ಕಂದಾಗಿ ಬಲ ಕಳೆದುಕೊಳ್ಳುತ್ತದೆ. ಹಳೆಯ ಹುಡ್ಡುಗಳು ಕಮಾನಿನ ನೇರಕ್ಕೇ ಸೀಳಿರುವುದನ್ನು ನೀವೂ ಕಂಡಿರಬಹುದು. ತುಕ್ಕು ಉಜ್ಜಿ ಬಣ್ಣ ಹೊಡೆದು, ಮೇಲೆ ಅಗಲ ಪಟ್ಟಿ ಸುತ್ತಿದರೆ ತಿಕ್ಕಾಟ ತಪ್ಪುತ್ತದೆ. ಟಿಚ್ ಬಟನುಗಳಿಗೆ ಚೂರು ಮೇಣ ಸಾಕು.

ಹಿಂದಿನ ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿಯ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬೇಕಾಗಿದೆ. ಅದು ಹಳದಿಯಾಗಿ ಮಂಜಾಗಿದ್ದರೂ "ಬೆಳಕು ಬರ್ತದಲ್ಲ" ಎಂದು ನಡೆಸಿಕೊಂಡು ಹೋಗುವವರೇ ಹೆಚ್ಚು. ದೇವಿಮನೆಯ ತಿರುವಿನಲ್ಲಿ, ಜುಲೈ ತಿಂಗಳ ಮಂಜಿನಲ್ಲಿ, ಹಿಂದೆ ಲಾರಿ ಬರುತ್ತಿದೆಯೋ ಇಲ್ಲವೋ ತಿಳಿಯದೆ ಗಾಡಿ ಹಿಂದಕ್ಕೆ ತೆಗೆಯುವುದು ಹುಡುಗಾಟವಲ್ಲ. ಒಳಗೆ ಮಕ್ಕಳು ಕೂತಿರುತ್ತಾರೆ. ಬಿಸಿಲಿಗೆ ಹಳದಿಯಾದ ಪ್ಲಾಸ್ಟಿಕ್ಕನ್ನು ಯಾವ ಪಾಲಿಶೂ ತಿಳಿ ಮಾಡದು. ಹುಡ್ಡನ್ನು ಹಾಗೇ ಉಳಿಸಿಕೊಂಡು ಕಿಟಕಿಯ ತುಂಡನ್ನಷ್ಟೇ ಬದಲಿಸಿ ಹೊಲಿಯಬಹುದು, ಹೊಸ ಹುಡ್ಡಿನ ಖರ್ಚಿನ ಮುಂದೆ ಅದು ಏನೂ ಅಲ್ಲ. ಹೊಸದನ್ನು ಧಾರಾಳ ನೀರಿನಿಂದ, ಮೆತ್ತನೆ ಬಟ್ಟೆಯಿಂದ ಮಾತ್ರ ತೊಳೆಯಿರಿ. ಪೆಟ್ರೋಲು, ಥಿನ್ನರು ತಾಗಿದರೆ ಆ ದಿನವೇ ಮಂಜಾಗುತ್ತದೆ. ಸುತ್ತುವಾಗ ನಡುವೆ ಹಳೆಯ ಪಂಚೆಯ ತುಂಡು ಇಡಿ.

ರೆಕ್ಸಿನಿನ ಹುಡ್ಡಿಗೆ ತೊಳೆದು ನೆರಳಲ್ಲಿಡುವುದೇ ಮುಖ್ಯ ಚಿಕಿತ್ಸೆ. ಲೇಪ ಬಿರುಕು ಬಿಟ್ಟ ಮೇಲೆ ಮಾಡುವಂಥದ್ದು ಹೆಚ್ಚಿಲ್ಲ. ಅಕ್ರಿಲಿಕ್ ಬಟ್ಟೆಗೆ ಬೂಷ್ಟು ಅಂಟುವುದು ಅದರ ಮೇಲಿನ ಕೊಳೆಗೆ, ನೂಲಿಗಲ್ಲ. ಚೆನ್ನಾಗಿ ತೊಳೆದು, ಅದಕ್ಕೆಂದೇ ಇರುವ ಸಿಂಪಡಿಸುವ ದ್ರವ ಹೊಡೆದರೆ ನೀರು ಮತ್ತೆ ಉರುಳತೊಡಗುತ್ತದೆ.

ಮಳೆಗಾಲದೊಳಗಿನ ಮಾತು ಎರಡಿವೆ. ಒದ್ದೆ ಹುಡ್ಡನ್ನು ಮಡಚಿಡಬಾರದು. ಪ್ರಾಯದಿಂದ ಸಾಯುವ ಹುಡ್ಡಿಗಿಂತ ಒದ್ದೆಯಲ್ಲಿ ಮಡಚಿಟ್ಟು ಸಾಯಿಸಿದ ಹುಡ್ಡುಗಳೇ ಜಾಸ್ತಿ. ಅನಿವಾರ್ಯವಾಗಿ ಮಡಚಿದರೂ ಮನೆ ಸೇರಿದ ಕೂಡಲೇ ಬಿಡಿಸಿ, ಕೊಟ್ಟಿಗೆಯ ಮಾಡಿನಡಿ ಗಾಳಿಗೆ ಹರವಬೇಕು. ಇನ್ನೊಂದು, ಸುರಿಯುವ ಮಳೆಯಲ್ಲಿ ಹೋಗುವಾಗ ನೆನೆದ ಕ್ಯಾನ್ವಾಸನ್ನು ಒಳಗಿನಿಂದ ಬೆರಳಲ್ಲಿ ಮುಟ್ಟಬಾರದು. ಮುಟ್ಟಿದಲ್ಲಿ ನೀರಿಗೆ ದಾರಿ ಸಿಕ್ಕಿ ಹನಿಯತೊಡಗುತ್ತದೆ. ಮಕ್ಕಳಿಗೆ ಹೇಳಿದರೆ ಅವರು ಮುಟ್ಟಿಯೇ ನೋಡುತ್ತಾರೆ, ಅದು ಬೇರೆ. ಗಾಡಿ ನಿಲ್ಲಿಸಲು ಶೆಡ್ಡಿಲ್ಲದವರು ಮೇಲೆ ಪ್ಲಾಸ್ಟಿಕ್ ತಾಡಪಾಲನ್ನು ನೇರ ಹೊದಿಸಿ ಬಿಗಿಯುವುದುಂಟು. ಒಳಗಿನ ತೇವ ಅಲ್ಲೇ ಬೆವರಾಗಿ ಬೂಷ್ಟು ಇಮ್ಮಡಿಸುತ್ತದೆ. ನಾಲ್ಕು ಅಡಿಕೆ ದಬ್ಬೆ ಕಟ್ಟಿ, ತಾಡಪಾಲನ್ನು ಒಂದು ಮೊಳ ಮೇಲಕ್ಕೆತ್ತಿ ಕಟ್ಟಿದರೆ ಅದೇ ಶೆಡ್ಡು. ತೆಂಗಿನ ಮರದ ಬುಡ ಬೇಡವೆಂದು ಬರೆಯುವ ಅಗತ್ಯವಿಲ್ಲ, ಆದರೂ ನಿಲ್ಲಿಸುವವರಿದ್ದಾರೆ. ಬಿಚ್ಚಿಟ್ಟ ಹುಡ್ಡನ್ನು ಅಟ್ಟದಲ್ಲಿಡುವವರು ನೆಲಕ್ಕೆ ತಾಗದಂತೆ ದಬ್ಬೆಗೆ ತೂಗುಹಾಕಬೇಕು. ಅಡಿಕೆ ಚೀಲದ ಪಕ್ಕದಲ್ಲಿಟ್ಟ ಹುಡ್ಡಿಗೆ ಇಲಿ ಹೊಸ ಕಿಟಕಿ ತೆರೆದುಕೊಡುತ್ತದೆ.

ಕಾಲದ ಮಟ್ಟಿಗೆ ಹೇಳುವುದಾದರೆ, ತೊಳೆಯುವುದು ಸ್ವಾತಿ ಮಳೆ ಕಳೆದ ಮೇಲೊಮ್ಮೆ, ಭರಣಿಯ ಸುಮಾರಿಗೆ ಇನ್ನೊಮ್ಮೆ. ಸೋಪು-ಪಟಿಕದ ಕೆಲಸಕ್ಕೆ ಐದಾರು ಒಣ ದಿನಗಳು ಬೇಕು, ರೋಹಿಣಿಗೆ ಮೊದಲೇ ಅದು ಮುಗಿದಿರಬೇಕು. ಹೊಲಿಗೆಯೋ ಕಿಟಕಿಯೋ ಇದ್ದವರು ಏಪ್ರಿಲಿನಲ್ಲೇ ಹುಡ್ಡನ್ನು ಅಂಗಡಿಗೆ ಮುಟ್ಟಿಸಿರಿ. ಈಗ ಪೇಟೆಯಲ್ಲಿ ಎಲ್ಲರೂ ಕಾರಿನ ಸೀಟ್ ಕವರಿನವರೇ. ಜೀಪಿನ ಹುಡ್ಡಿನ ಅಳತೆ ಹಿಡಿಯಬಲ್ಲ ಕೈಗಳು ಕಡಿಮೆಯಾಗಿವೆ. ಮೇ ತಿಂಗಳ ಕೊನೆಗೆ ಮೋಡ ಕಂಡ ಮೇಲೆ ಹೋದರೆ ಮೃಗಶಿರೆ ಹಿಡಿದಾಗಲೂ ನಿಮ್ಮ ಹುಡ್ಡು ಅಂಗಡಿಯ ಮೂಲೆಯಲ್ಲೇ ಇರುತ್ತದೆ.